ಕೊಳಗ, ರಸೀದಿ ಮತ್ತು ಒಬ್ಬ ಮೇಷ್ಟ್ರು

ಚಂದ್ರಗುತ್ತಿ ಎಂದರೆ ನಾಡಿನ ಹೆಚ್ಚಿನವರಿಗೆ ನೆನಪಾಗುವುದು ರೇಣುಕಾಂಬೆಯ ಗುಹಾದೇವಾಲಯ, ಅದರ ಹಿಂದೆಯೇ 1986ರ ಮಾರ್ಚ್ ತಿಂಗಳ ಬೆತ್ತಲೆ ಸೇವೆಯ ಗಲಭೆ, ಆಮೇಲೆ ಬಂದ ನಿಷೇಧ. ಸೊರಬ ತಾಲ್ಲೂಕಿನ ಈ ಬೆಟ್ಟಕ್ಕೆ ಅದಕ್ಕಿಂತ ಹಳೆಯದಾದ ಇನ್ನೊಂದು ಚರಿತ್ರೆ ಇದೆ. ಬೆಟ್ಟದ ಮೇಲಿನ ಕೋಟೆ ಒಂದು ಸೀಮೆಯನ್ನು ಆಳಿದ ಕೋಟೆ. ಸೀಮೆ ಎಂದರೆ ಕಂದಾಯ, ಕಂದಾಯ ಎಂದರೆ ಭತ್ತ. ಬೆಟ್ಟದ ಬುಡದಿಂದ ಬನವಾಸಿಯ ವರದೆಯ ಕಡೆಗೂ, ಇತ್ತ ಸಾಗರದ ಕಡೆಗೂ ಹಬ್ಬಿರುವ ಗದ್ದೆ ಬಯಲುಗಳಲ್ಲಿ ಉತ್ತವರು ಯಾರು, ಅಳೆದುಕೊಂಡವರು ಯಾರು ಎಂಬ ಪ್ರಶ್ನೆ ಕೋಟೆಯಷ್ಟೇ ಹಳೆಯದು.

ಉತ್ತವರಲ್ಲಿ ದೊಡ್ಡ ಪಾಲು ದೀವರದು. ಹಳೆಯ ದಾಖಲೆಗಳಲ್ಲಿ ಹಳೇಪೈಕರು ಎಂದು ಕಾಣಿಸಿಕೊಳ್ಳುವ ಈ ಜನ ಸೊರಬ, ಸಾಗರ, ಹೊಸನಗರದ ಕಾಡಂಚಿನ ಹಳ್ಳಿಗಳ ಮೂಲ ಒಕ್ಕಲುಗಳು. ಆಶ್ವೀಜದ ಹುಣ್ಣಿಮೆಯಂದು ಇವರ ಮನೆಗಳಲ್ಲಿ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆಯನ್ನು ಬಸುರಿ ಹೆಂಗಸೆಂದು ಭಾವಿಸಿ, ಬಯಕೆಯ ಅಡುಗೆ ಮಾಡಿ ಅವಳಿಗೆ ಬಡಿಸುವ ಹಬ್ಬ ಅದು. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಬಗೆಬಗೆಯ ಸೊಪ್ಪಿನ ಕುಡಿ ಬೆರೆಸಿ ಬೇಯಿಸಿದ ಪಲ್ಯ, ಅಂಬಲಿ, ಕಡುಬು ಅದರಲ್ಲಿ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುತ್ತದೆ. ಈ ಚಿತ್ತಾರಗಳು ಇಂದು ನಗರಗಳ ಕಲಾ ಗ್ಯಾಲರಿಗಳಲ್ಲಿ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ. ಹೊಲಕ್ಕೆ ಹೀಗೆ ತವರುಮನೆಯ ಉಪಚಾರ ಮಾಡುತ್ತಿದ್ದವರ ಹೆಸರಿಗೆ ಸಂಜೆಗೆ ಪಹಣಿಯಲ್ಲಿ ಒಂದು ಗುಂಟೆಯೂ ಇರುತ್ತಿರಲಿಲ್ಲ ಎಂಬುದು ಮಾತ್ರ ಆ ಚೌಕಟ್ಟಿನಲ್ಲಿ ಕಾಣುವುದಿಲ್ಲ.

ಈ ಪ್ರದೇಶದ ಭೂಮಿಯ ಲೆಕ್ಕಕ್ಕೆ ಒಂದು ಹೆಸರುವಾಸಿ ದಾಖಲೆ ಇದೆ. ಕೆಳದಿಯ ಶಿವಪ್ಪನಾಯಕ (1645-1660) ಗದ್ದೆಗಳ ಇಳುವರಿಯನ್ನು ಕೆಲವು ವರ್ಷ ಅಳೆದು ನೋಡಿ, ಅದರ ಆಧಾರದ ಮೇಲೆ ಕಂದಾಯ ಗೊತ್ತುಮಾಡಿದ. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಮಲೆನಾಡಿನಲ್ಲಿ ಇಂದಿಗೂ ಉಳಿದಿದೆ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಕೂಡ ಆ ಶಿಸ್ತನ್ನು ಕುರಿತು ಬರೆದುಕೊಂಡ. ಶಿಸ್ತು ಮುರಿದಾಗ ಏನಾಗುತ್ತದೆಂದು 1830-31ರ ನಗರದ ದಂಗೆ ತೋರಿಸಿತು. ಕಂದಾಯದ ಗುತ್ತಿಗೆದಾರರ ಸುಲಿಗೆಗೆ ರೋಸಿದ ರೈತರು ಕೂಟ ಕಟ್ಟಿದರು. ಬೂದಿ ಬಸವಪ್ಪ ಕೆಳದಿಯ ಗಾದಿಗೆ ತಾನೇ ಹಕ್ಕುದಾರನೆಂದು ಎದ್ದು ನಿಂತ. ಆ ದಂಗೆಯನ್ನೇ ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡರು. ಒಂದು ಮೂಲೆಯ ರೈತರ ಸಿಟ್ಟು ಇಡೀ ಸಂಸ್ಥಾನವನ್ನೇ ಅಲುಗಿಸಿದ ಉದಾಹರಣೆ ಅದು.

ಆದರೆ ಶಿಸ್ತಾಗಲಿ, ದಂಗೆಯಾಗಲಿ ದೊರೆಗೂ ಭೂಮಿಯ ಒಡೆಯನಿಗೂ ನಡುವಿನ ಮಾತು. ಒಡೆಯನಿಗೂ ಅವನ ಗೇಣಿದಾರನಿಗೂ ನಡುವೆ ಯಾವ ಶಿಸ್ತೂ ಇರಲಿಲ್ಲ. ಸಾಗರ ಸೊರಬದ ಕಡೆ ಚಾಲ್ತಿಯಲ್ಲಿದ್ದದ್ದು ಹೆಚ್ಚಾಗಿ ಚಾಲಗೇಣಿ. ಬಾಯಿಮಾತಿನ ಕರಾರು. ಧಣಿಗೆ ಮನಸ್ಸಿದ್ದಷ್ಟು ದಿನ ಉಳುಮೆ, ಮನಸ್ಸು ತಿರುಗಿದ ದಿನ ಎತ್ತು ಹೊಡೆದುಕೊಂಡು ಹೊರಡಬೇಕು. ಮೂರು ತಲೆಮಾರು ಒಂದೇ ಗದ್ದೆ ಮಾಡಿದವನಿಗೂ ಅದು ತನ್ನ ಗೇಣಿ ಎಂದು ತೋರಿಸಲು ಒಂದು ಚೂರು ಕಾಗದ ಇರುತ್ತಿರಲಿಲ್ಲ. ಗೇಣಿ ಅಳೆದು ಕೊಟ್ಟದ್ದಕ್ಕೆ ರಸೀದಿ ಕೇಳುವುದು ಉದ್ಧಟತನ ಎನಿಸಿಕೊಳ್ಳುತ್ತಿತ್ತು.

ಇಲ್ಲಿ ಕೊಳಗದ ಲೆಕ್ಕ ಬರುತ್ತದೆ. ಗೇಣಿ ಭತ್ತ ಅಳೆಯುವುದು ಕೊಳಗದಲ್ಲಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಎಂಬುದರಲ್ಲೇ ಎಲ್ಲ ಮರ್ಮ. ಮೂರು ಸೇರು ಹಿಡಿಯಬೇಕಾದ ಕೊಳಗ ಮೂರೂವರೆ ಸೇರು ಹಿಡಿಯಿತೆಂದು ಇಟ್ಟುಕೊಳ್ಳಿ. ಆರು ಕೊಳಗ ಅಳೆಯುವಷ್ಟರಲ್ಲಿ ಗೇಣಿದಾರ ಏಳು ಕೊಳಗ ಕೊಟ್ಟಿರುತ್ತಾನೆ. ಹತ್ತು ಖಂಡುಗ ಗೇಣಿಗೆ ನೂರು ಸೇರು ಹೆಚ್ಚು. ಒಂದು ಸಂಸಾರ ಮಳೆಗಾಲ ಕಳೆಯುವ ಅಕ್ಕಿ ಆ ನೂರು ಸೇರು ಭತ್ತದಲ್ಲಿದೆ. ಕಾಗೋಡಿನ ಸುತ್ತಮುತ್ತ ನಡೆಯುತ್ತಿದ್ದದ್ದು ಇದೇ. ಧಣಿಗಳ ಮನೆಯ ಕೊಳಗ ಸರ್ಕಾರದ ಕೊಳಗಕ್ಕಿಂತ ದೊಡ್ಡದಿತ್ತು. ಸಾಲ ಕೊಡುವಾಗ ಸಣ್ಣ ಕೊಳಗ, ಗೇಣಿ ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಎಂಬುದು ಒಕ್ಕಲುಗಳ ದೂರು.

ಕಾಗೋಡು ಸಾಗರ ತಾಲ್ಲೂಕಿನ ಒಂದು ಸಾಮಾನ್ಯ ಹಳ್ಳಿ. ಅಲ್ಲಿಯ ಭೂಮಾಲೀಕರಲ್ಲಿ ದೊಡ್ಡವರು ಒಡೆಯರ್ ಮನೆತನದವರು. ತಾಲ್ಲೂಕಿನ ಭೂಮಾಲೀಕರಲ್ಲಿ ಲಿಂಗಾಯತರೂ ಇದ್ದರು, ಬ್ರಾಹ್ಮಣರೂ ಇದ್ದರು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗೇಣಿಯ ಜೊತೆಗೆ ಬಿಟ್ಟಿ ಚಾಕರಿ ಇತ್ತು. ಧಣಿಗಳ ಎದುರು ಮೊಣಕಾಲಿನಿಂದ ಕೆಳಗೆ ಪಂಚೆ ಬಿಡಬಾರದು, ಸರಿಸಮ ಕೂರಬಾರದು ಎಂಬ ಕಟ್ಟಳೆಗಳಿದ್ದವೆಂದು ಆ ಕಾಲದವರು ಹೇಳುತ್ತಿದ್ದರು. ಹೋರಾಟದ ಕಥೆಯನ್ನು ಬರೀ ಭತ್ತದ ಕಥೆಯಾಗಿ ಹೇಳಿದರೆ ಅರ್ಧ ಮಾತ್ರ ಹೇಳಿದಂತೆ.

ಈ ಊರುಗಳಿಗೆ ಸಂಘಟನೆಯ ಮಾತು ತಂದವರು ಎಚ್. ಗಣಪತಿಯಪ್ಪ. ದೀವರ ಮನೆಯ ಹುಡುಗ, ಓದಿಕೊಂಡು ಶಾಲೆಯ ಮೇಷ್ಟ್ರಾದವರು, ಗಾಂಧಿಯನ್ನು ನಂಬಿದವರು. ಆ ಕಾಲದಲ್ಲಿ ದೀವರಲ್ಲಿ ಅಕ್ಷರ ಬಲ್ಲವರೇ ವಿರಳ. ಹಾಗಿರುವಾಗ ಒಬ್ಬ ಮೇಷ್ಟ್ರು ಎಂದರೆ ಪಾಠ ಹೇಳುವವನಷ್ಟೇ ಅಲ್ಲ, ಊರವರ ಅರ್ಜಿ ಬರೆಯುವವನೂ ಅವನೇ, ಬಂದ ನೋಟೀಸು ಓದಿ ಹೇಳುವವನೂ ಅವನೇ. ಗಣಪತಿಯಪ್ಪನವರ ರಾಜಕೀಯ ಹುಟ್ಟಿದ್ದು ಇಂಥ ಕಾಗದದ ಕೆಲಸದಲ್ಲಿ ಎನ್ನಬೇಕು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಅವರ ಮುಂದಾಳ್ತನದಲ್ಲಿ ಸಾಗರ ತಾಲ್ಲೂಕು ರೈತ ಸಂಘ ರೂಪುಗೊಂಡಿತು. ಸಂಘದ ಬೇಡಿಕೆಗಳು ಇಂದು ಓದಿದರೆ ಬಹಳ ಸಾಧುವಾಗಿ ಕಾಣುತ್ತವೆ. ಸರ್ಕಾರ ಒಪ್ಪಿದ ಕೊಳಗದಲ್ಲೇ ಗೇಣಿ ಅಳೆಯಬೇಕು. ಅಳೆದುಕೊಂಡದ್ದಕ್ಕೆ ರಸೀದಿ ಕೊಡಬೇಕು. ಬಿಟ್ಟಿ ಚಾಕರಿ ನಿಲ್ಲಬೇಕು. ಮನಸ್ಸಿಗೆ ಬಂದಂತೆ ಒಕ್ಕಲೆಬ್ಬಿಸಬಾರದು.

ಭೂಮಿಯನ್ನೇ ಕೊಡಿ ಎಂದು ಯಾರೂ ಮೊದಲು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಆದರೂ ಧಣಿಗಳಿಗೆ ರಸೀದಿಯ ಬೇಡಿಕೆಯೇ ಎಲ್ಲಕ್ಕಿಂತ ಅಪಾಯಕಾರಿ ಎನಿಸಿತು. ಅದರಲ್ಲಿ ಅವರ ಲೆಕ್ಕ ತಪ್ಪಾಗಿರಲಿಲ್ಲ. ರಸೀದಿ ಕೊಟ್ಟರೆ ಗೇಣಿದಾರನೊಬ್ಬ ಇದ್ದಾನೆಂದು ಬರವಣಿಗೆಯಲ್ಲಿ ಒಪ್ಪಿದಂತೆ. ಹಾಗೆ ಒಪ್ಪಿದವನನ್ನು ನಾಳೆ ಬಾಯಿಮಾತಿನಲ್ಲಿ ಎಬ್ಬಿಸಲು ಬರುವುದಿಲ್ಲ. ಕೊಳಗದ ಜಗಳ ವರ್ಷದ ಜಗಳ, ರಸೀದಿಯ ಜಗಳ ತಲೆಮಾರಿನದು. ಸಂಘ ಸೇರಿದವರಿಗೆ ಗದ್ದೆ ಕೊಡುವುದಿಲ್ಲ ಎಂದು ಧಣಿಗಳು ಹೇಳಿದರು. 1951ರ ಬೇಸಗೆಯಲ್ಲಿ ಕಾಗೋಡಿನ ಒಕ್ಕಲುಗಳ ಮುಂದೆ ಉಳಿದದ್ದು ಎರಡೇ ದಾರಿ. ಸಂಘ ಬಿಟ್ಟು ಕ್ಷಮೆ ಕೇಳುವುದು, ಇಲ್ಲವೇ ತಡೆದರೂ ಸರಿ ಗದ್ದೆಗೆ ಇಳಿಯುವುದು.

1951ರ ಏಪ್ರಿಲ್ 18ರಂದು ಅವರು ಗದ್ದೆಗೆ ಇಳಿದರು. ವಿಧಾನ ಗಾಂಧಿಯದು. ಒಂದು ತಂಡ ನೇಗಿಲು ಹೊತ್ತು ಗದ್ದೆಗೆ ಹೋಗುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ. ಉಪ್ಪಿಗೆ ಬದಲು ಇಲ್ಲಿ ಮಣ್ಣು. ಗಂಡಸರು ಜೈಲಿಗೆ ಹೋದಂತೆ ಹೆಂಗಸರು ಗದ್ದೆಗೆ ಬಂದರು. ಸ್ವತಂತ್ರ ಭಾರತದಲ್ಲಿ, ಕಾಂಗ್ರೆಸ್ ಸರ್ಕಾರದ ಪೊಲೀಸರು, ಕಾಂಗ್ರೆಸ್ ಕಲಿಸಿದ್ದ ವಿಧಾನದಲ್ಲೇ ಸತ್ಯಾಗ್ರಹ ಮಾಡುತ್ತಿದ್ದವರನ್ನು ಲಾರಿಗೆ ತುಂಬುತ್ತಿದ್ದರು. ಆಗ ಮೈಸೂರಿನ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಸ್ವತಃ ಚಳವಳಿ ನಡೆಸಿದ್ದವರು.

ಹೊರಗಿನವರು ಬಂದದ್ದು ಆಮೇಲೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರಿಗೆ ಆಗ ಇಪ್ಪತ್ತೆಂಟು ವರ್ಷ. ಸಮಾಜವಾದಿ ಪಕ್ಷ ಅವರ ಮೂಲಕ ಹೋರಾಟದ ಒಳಗೆ ಬಂತು, ಬಂದ ಮೇಲೆ ಅದನ್ನು ರಾಜ್ಯದ ಪ್ರಶ್ನೆ ಮಾಡಿತು. ರಾಮಮನೋಹರ ಲೋಹಿಯಾ ಜೂನ್ 3ರಂದು ದೆಹಲಿಯಲ್ಲಿ ಜನವಾಣಿ ದಿನದ ದೊಡ್ಡ ಮೆರವಣಿಗೆ ನಡೆಸಿ, ಅದೇ ತಿಂಗಳು ಕಾಗೋಡಿಗೆ ಬಂದರು. ಹಿಂದ್ ಕಿಸಾನ್ ಪಂಚಾಯತಿನ ಮುಂದಾಳಾಗಿ ದೇಶದ ರೈತರ ಬಗ್ಗೆ ಮಾತಾಡುತ್ತಿದ್ದ ಅವರಿಗೆ ಕಾಗೋಡು ಒಂದು ಜೀವಂತ ಉದಾಹರಣೆಯಾಗಿ ಸಿಕ್ಕಿತು. ಅವರನ್ನು ಸಾಗರದಲ್ಲಿ ಬಂಧಿಸಲಾಯಿತು. ಸುದ್ದಿ ದೇಶದ ಪತ್ರಿಕೆಗಳಿಗೆ ಹೋಯಿತು.

ಇಲ್ಲಿಂದ ಕಾಗೋಡಿನ ಕಥೆಗೆ ಎರಡು ಹೇಳಿಕೆಗಳು ಹುಟ್ಟಿಕೊಂಡವು. ಒಂದರಲ್ಲಿ ಅದು ಸಮಾಜವಾದಿಗಳ ಹೋರಾಟ, ಗೋಪಾಲಗೌಡರ ಹೋರಾಟ. ಇನ್ನೊಂದರಲ್ಲಿ ಅದು ದೀವರ ಹೋರಾಟ, ಗಣಪತಿಯಪ್ಪನವರ ಹೋರಾಟ. ಮಲೆನಾಡಿನಲ್ಲಿ ಈ ವಾದ ದಶಕಗಳ ಕಾಲ ನಡೆಯಿತು. ಎರಡರಲ್ಲೂ ಸತ್ಯವಿದೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾಲದ ಕ್ರಮವನ್ನು ನೋಡಿದರೆ, ಲೋಹಿಯಾ ಬರುವ ಹೊತ್ತಿಗೆ ಮೇಷ್ಟ್ರು ಕಟ್ಟಿದ ಸಂಘಕ್ಕೆ ವರ್ಷಗಳೇ ಆಗಿದ್ದವು, ಗದ್ದೆಗೆ ಇಳಿದು ಎರಡು ತಿಂಗಳಾಗುತ್ತಿತ್ತು. ಪಕ್ಷ ಕೊಟ್ಟದ್ದು ದನಿ, ಊರು ಕೊಟ್ಟದ್ದು ಜನ. ಸಾಹಿತ್ಯ ಲೋಕವೂ ತನ್ನ ಒಲವನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಗೋಪಾಲಗೌಡರ ಬದುಕಿನ ನೆರಳು ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಉಳಿಯಿತು. ಒಂದು ಪೀಳಿಗೆಯ ನವ್ಯ ಲೇಖಕರು ಅವರನ್ನು ತಮ್ಮ ಗುರುವಿನಂತೆ ನೆನೆದರು. ಗಣಪತಿಯಪ್ಪನವರ ಹೆಸರು ಸಾಗರ ಸೊರಬದ ಹಳ್ಳಿಗಳ ಮಾತಿನಲ್ಲಿ ಉಳಿದಷ್ಟು ಪುಸ್ತಕಗಳಲ್ಲಿ ಉಳಿಯಲಿಲ್ಲ. ಕಾಗೋಡಿನ ಬಗೆಗೆ ಪುಸ್ತಕವನ್ನೇ ಬರೆದ ವಿಮರ್ಶಕ ಜಿ. ರಾಜಶೇಖರ ಅಂಥವರು ಇದಕ್ಕೆ ಅಪವಾದ.

ಹಾಗಾದರೆ ಸತ್ಯಾಗ್ರಹ ಗೆದ್ದಿತೇ? ಆ ವರ್ಷದ ಲೆಕ್ಕದಲ್ಲಿ ಇಲ್ಲ. ಮಳೆಗಾಲ ಬಂತು, ಜೈಲು ತುಂಬಿತು, ಗದ್ದೆ ಕೈಬಿಟ್ಟು ಹೋದವರು ಕೂಲಿಗೆ ಹೋದರು. ಧಣಿಗಳು ಮಣಿಯಲಿಲ್ಲ. ಮೂರು ತಿಂಗಳು ಗಂಜಿಗೆ ಗತಿಯಿಲ್ಲದೆ ನಿಂತ ಮನೆಗಳಿಗೆ ಚರಿತ್ರೆಯ ಪುಟದಲ್ಲಿ ಸಿಗುವ ಜಾಗ ಒಂದು ಸಮಾಧಾನವೂ ಅಲ್ಲ. ಗೆಲುವು ಬೇರೆ ಕಡೆಯಿಂದ, ಬೇರೆ ವೇಗದಲ್ಲಿ ಬಂತು. 1952ರ ಮೊದಲ ಮಹಾಚುನಾವಣೆಯಲ್ಲಿ ಸಾಗರ ಹೊಸನಗರ ಕ್ಷೇತ್ರದ ಮತದಾರರು ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅದೇ ವರ್ಷ ಮೈಸೂರು ಗೇಣಿ ಕಾಯಿದೆ ಬಂತು. ಅದರ ಹಿಂದೆ ಇದ್ದವರು ತೀರ್ಥಹಳ್ಳಿಯವರೇ ಆದ ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪ. ಗೇಣಿಗೆ ಮಿತಿ, ಒಕ್ಕಲೆಬ್ಬಿಸುವುದಕ್ಕೆ ತಡೆ ಎಂಬ ಮಾತುಗಳು ಮೊದಲ ಸಲ ಕಾನೂನಿನ ಭಾಷೆಗೆ ಬಂದವು. ಕಾನೂನು ಬಂತೆಂದು ಕೊಳಗ ಒಂದೇ ದಿನದಲ್ಲಿ ಸಣ್ಣದಾಗಲಿಲ್ಲ ಎಂಬುದು ಬೇರೆ ಮಾತು. ಬಾಯಿಮಾತಿನ ಗೇಣಿಗೆ ಕಾಗದದ ಕಾನೂನು ತಾಗುವುದು ಕಷ್ಟ.

ಈ ನಡುವೆ ಇದೇ ಜನರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಶರಾವತಿಗೆ ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1948ರಲ್ಲಿ, ಲಿಂಗನಮಕ್ಕಿಯದು 1964ರಲ್ಲಿ. ನಾಡಿಗೆ ಬೆಳಕು ಬಂತು, ಸಾಗರ ಹೊಸನಗರದ ಸಾವಿರಾರು ಮನೆಗಳು ಮುಳುಗಿದವು. ಭೂಮಾಲೀಕರಿಗೆ ಪರಿಹಾರ ಎಂದೊಂದು ಲೆಕ್ಕವಿತ್ತು. ರಸೀದಿ ಇಲ್ಲದ ಗೇಣಿದಾರನ ಲೆಕ್ಕ ಯಾವ ಕಡತದಲ್ಲೂ ಇರಲಿಲ್ಲ. ಲಾರಿಗಳಲ್ಲಿ ತಂದು ಸೊರಬ, ಶಿಕಾರಿಪುರ, ಶಿವಮೊಗ್ಗ ತಾಲ್ಲೂಕುಗಳ ಕಾಡುಗಳಲ್ಲಿ ಇಳಿಸಿದ ಕುಟುಂಬಗಳಿಗೆ ಕೊಟ್ಟ ಜಾಗ ಕಂದಾಯದ್ದೋ ಅರಣ್ಯದ್ದೋ ಎಂಬ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಸರ್ಕಾರಗಳು ಅರಣ್ಯದಿಂದ ಬಿಡಿಸಿ ಹೊರಡಿಸಿದ ಆದೇಶಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಕೇಂದ್ರದ ಒಪ್ಪಿಗೆ ಬೇಕಿತ್ತು ಎಂಬ ಕಾರಣಕ್ಕೆ ಬಿದ್ದೂ ಹೋಗಿವೆ.

ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಅದೇ ವರ್ಷದ ಮಾರ್ಚ್‌ನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಸಾಗರದಿಂದ ಕಾಗೋಡು ತಿಮ್ಮಪ್ಪ ಮೊದಲ ಸಲ ಸಮಾಜವಾದಿಯಾಗಿ ಗೆದ್ದು ಬಂದದ್ದೂ ಆ ವರ್ಷವೇ. ಸೊರಬದಲ್ಲಿ ಅದಕ್ಕೂ ಮೊದಲೇ, 1967ರಲ್ಲಿ, ಕುಬಟೂರಿನ ಎಸ್. ಬಂಗಾರಪ್ಪ ಸಮಾಜವಾದಿಯಾಗಿ ಶಾಸಕರಾಗಿದ್ದರು. ಇಬ್ಬರೂ ದೀವರು, ಇಬ್ಬರೂ ವಕೀಲರು. ಹದಿನೈದು ಇಪ್ಪತ್ತು ವರ್ಷದ ಹಿಂದೆ ಧಣಿಯ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದವರ ಮಕ್ಕಳು ವಿಧಾನಸೌಧದಲ್ಲಿ ಕುಳಿತು ಮಾತಾಡತೊಡಗಿದ್ದರು. ಬಂಗಾರಪ್ಪ 1990ರಲ್ಲಿ ಮುಖ್ಯಮಂತ್ರಿಯೂ ಆದರು. ಗಣಪತಿಯಪ್ಪನವರ ಹಾದಿ ಅತ್ತ ಹೋಗಲಿಲ್ಲ. ಅಧಿಕಾರದ ರಾಜಕಾರಣ ಅವರಿಗೆ ಒಗ್ಗಲಿಲ್ಲ, ಖಾದಿಯೂ ಹಳ್ಳಿಯೂ ಬಿಡಲಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಕಾಯಿದೆ ಕಾಗೋಡಿನವರು 1951ರಲ್ಲಿ ಕೇಳುವ ಧೈರ್ಯ ಮಾಡದಿದ್ದ ಮಾತನ್ನೇ ಹೇಳಿತು. ಆ ದಿನ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆಯ ಅರ್ಜಿ ಹಾಕಿ ಅದನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು. ತೀರ್ಮಾನಿಸಲು ತಾಲ್ಲೂಕಿಗೊಂದು ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆ, ಜೊತೆಗೆ ಊರ ಕಡೆಯ ಸದಸ್ಯರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಈ ಒಂದು ನಿಯಮ ರಸೀದಿ ಇಲ್ಲದವನ ಪಾಲಿಗೆ ದೊಡ್ಡ ಉಪಕಾರ ಮಾಡಿತು. ಕಾಗದ ಇಲ್ಲದಿದ್ದರೆ ಪಕ್ಕದ ಗದ್ದೆಯವನು ಬಂದು ಇವನೇ ಉಳುತ್ತಿದ್ದವನು ಎಂದು ಹೇಳಬಹುದಿತ್ತು, ಆ ಮಾತಿಗೆ ಬೆಲೆ ಸಿಗುತ್ತಿತ್ತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಕರಾವಳಿ, ಮಲೆನಾಡುಗಳಲ್ಲಿ ಇದರ ಫಲ ಎದ್ದು ಕಾಣಿಸಿತು. ಗೇಣಿ ಪದ್ಧತಿ ದಟ್ಟವಾಗಿದ್ದದ್ದೂ ಅಲ್ಲೇ.

ಕಾಯಿದೆ ಮುಟ್ಟದೆ ಬಿಟ್ಟವರೂ ಇದ್ದರು. ಗೇಣಿದಾರನಿಗೆ ಭೂಮಿ ಬಂತು, ಗೇಣಿಯೂ ಇಲ್ಲದ ಕೂಲಿಯವನಿಗೆ ಬರಲಿಲ್ಲ. ಆ ಕೂಲಿಯವರಲ್ಲಿ ಹೆಚ್ಚಿನವರು ದಲಿತರು. ದೀವರ ಗೆಲುವನ್ನು ಬರೆಯುವಾಗ ಈ ಸಾಲು ಬಿಟ್ಟುಹೋಗುವುದು ಹೆಚ್ಚು. ಗೇಣಿಯಲ್ಲೂ ಸೇರದ, ಪಟ್ಟಾವೂ ಇಲ್ಲದ ಇನ್ನೊಂದು ವರ್ಗ ಬಗರ್‌ಹುಕುಂ ಸಾಗುವಳಿದಾರರದು. ಗೋಮಾಳದಲ್ಲೋ ಕಾಡಂಚಿನಲ್ಲೋ ಒಂದೆರಡು ಎಕರೆ ಬಿಡಿಸಿಕೊಂಡವರು. ಸೊರಬ, ಶಿಕಾರಿಪುರಗಳಲ್ಲಿ ಚುನಾವಣೆ ಯಾವುದೇ ಇರಲಿ, ಬಗರ್‌ಹುಕುಂ ಮಾತು ಬಾರದೆ ಮುಗಿಯುವುದಿಲ್ಲ. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದ 2017ರಲ್ಲಿ, ಬೇರೆಯವರ ಜಾಗದಲ್ಲಿ ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಇರುವವರಿಗೆ ಮನೆಯಡಿಯ ನೆಲ ಸಿಗುವಂಥ ತಿದ್ದುಪಡಿ ಜಾರಿಗೆ ಬಂತು. ಇನ್ನೊಂದು ಕಡೆ, 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ದಾರಿ ತೆರೆಯಿತು. 1974ರಲ್ಲಿ ಭೂಮಿ ಪಡೆದವರ ಮಕ್ಕಳು ಅದನ್ನು ಯಾರಿಗೆ ಮಾರುತ್ತಾರೆ ಎಂಬುದು ಮಲೆನಾಡಿನ ರಸ್ತೆಬದಿಯ ಹೋಂಸ್ಟೇಗಳನ್ನು ನೋಡಿದರೆ ಸ್ವಲ್ಪ ತಿಳಿಯುತ್ತದೆ.

ಮೇಷ್ಟ್ರ ಕಾಲದ ರಸೀದಿಯ ಪ್ರಶ್ನೆ ಮಾತ್ರ ಬೇರೆ ವೇಷದಲ್ಲಿ ವಾಪಸು ಬಂದಿದೆ. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನಲ್ಲಿ ಸಾಗುವಳಿ ಮಾಡುತ್ತಿರುವವರಿಗೆ ಹಕ್ಕು ಕೊಡುತ್ತದೆ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದರೆ ಸಾಕು. ದೀವರು ಆ ಪಟ್ಟಿಯಲ್ಲಿಲ್ಲ, ಅವರು ಹಿಂದುಳಿದ ವರ್ಗ. ಆದ್ದರಿಂದ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳು. ಹಾಗೆನಿಸಿಕೊಳ್ಳಬೇಕಾದರೆ ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದದ್ದಕ್ಕೆ ಪುರಾವೆ ಬೇಕು. 2005ರಿಂದ 75 ಕಳೆದರೆ 1930. ಕಾಗೋಡು ಸತ್ಯಾಗ್ರಹಕ್ಕೂ ಇಪ್ಪತ್ತೊಂದು ವರ್ಷ ಹಿಂದೆ. ಗೇಣಿ ಭತ್ತಕ್ಕೆ ರಸೀದಿ ಕೇಳುವುದೇ ಉದ್ಧಟತನವಾಗಿದ್ದ ಕಾಲ.

ಮಲೆನಾಡಿನ ತಾಲ್ಲೂಕುಗಳಲ್ಲಿ ಸಾವಿರಗಟ್ಟಲೆ ಅರ್ಜಿಗಳು ತಿರಸ್ಕೃತವಾದದ್ದು ಈ 75 ವರ್ಷದ ದಾಖಲೆ ಇಲ್ಲವೆಂದೇ. ಕಾಯಿದೆಯ ನಿಯಮಗಳು ಕಾಗದವನ್ನಷ್ಟೇ ಪುರಾವೆ ಎನ್ನುವುದಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರು ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಪುರಾವೆ. 1930ರಲ್ಲಿ ಹತ್ತು ವರ್ಷದವರಾಗಿದ್ದು, ಯಾವ ಗದ್ದೆ ಯಾರು ಮಾಡುತ್ತಿದ್ದರೆಂದು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಇಂದು ಇದ್ದರೆ ಅವರಿಗೆ ನೂರು ದಾಟಿರುತ್ತದೆ.